ಮಾತಿಗೆ ಮುನ್ನವೇ ದಾರಿ ಬಲ್ಲ ಪುಟಾಣಿಗಳು

ಮುಂಬಯಿ: ಮಾಟುಂಗಾ ನಿಲ್ದಾಣದಲ್ಲಿ ಇಳಿದು ಭಾವುದಾಜಿ ರಸ್ತೆಯ ಮೈಸೂರು ಅಸೋಸಿಯೇಷನ್‌ನತ್ತ ಆಗಾಗ ಹೆಜ್ಜೆ ಹಾಕುವ ನಮ್ಮವರು ಇದನ್ನು ಕಂಡಿರಬಹುದು. ತಾಯಿಯ ಕಂಕುಳಲ್ಲಿರುವ ಒಂದೂವರೆ ವರ್ಷದ ಕಂದಮ್ಮ ಹೂವಿನ ಅಂಗಡಿಗಳು ಕಾಣುತ್ತಲೇ, ತಿರುಗಬೇಕಾದ ಕಡೆಗೇ ಬೆರಳು ತೋರಿಸುತ್ತದೆ. ಅಂದು ಬೇರೆ ಗಲ್ಲಿ ಹಿಡಿದರೋ, ರಂಪ ಶುರು. ದೊಡ್ಡವರು ಇದನ್ನು ಹಠ ಎನ್ನುತ್ತಾರೆ. ಹಠವಲ್ಲ, ಆ ಪುಟ್ಟ ತಲೆಯಲ್ಲೊಂದು ನಕಾಶೆ ಮೂಡಿದೆ!

ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ಸ್ಥಳವನ್ನು ಗುರುತಿಸುವ ಜೀವಕೋಶಗಳಿವೆ ಎಂಬುದನ್ನು 1971ರಲ್ಲಿ ಲಂಡನ್‌ನ ಜಾನ್ ಓಕೀಫ್ ಇಲಿಗಳಲ್ಲಿ ತೋರಿಸಿದರು. ದೂರ, ದಿಕ್ಕುಗಳ ಲೆಕ್ಕವಿಡುವ ಜಾಲರಿಯಂಥ ಕೋಶಗಳನ್ನು ನಾರ್ವೆಯ ಮೋಸರ್ ದಂಪತಿ 2005ರಲ್ಲಿ ವರದಿ ಮಾಡಿದರು. 2014ರ ವೈದ್ಯಕೀಯ ನೊಬೆಲ್ ಈ ಮೂವರಿಗೂ ಸಂದಿತು. ಇಲಿಮರಿ ಗೂಡಿನಿಂದ ಮೊದಲ ಬಾರಿ ಹೊರಬರುವ ದಿನಗಳಲ್ಲೇ ದಿಕ್ಕು ತಿಳಿಸುವ ಕೋಶಗಳು ಕೆಲಸಕ್ಕೆ ತೊಡಗಿರುತ್ತವೆ ಎಂದು 2010ರ ಅಧ್ಯಯನಗಳು ಹೇಳಿದವು.

ಮಕ್ಕಳ ಮೇಲಿನ ಪ್ರಯೋಗ ಇನ್ನೂ ಸ್ವಾರಸ್ಯಕರ. ಅಮೆರಿಕದ ಲಿಂಡಾ ಹರ್ಮರ್ ಮತ್ತು ಎಲಿಜಬೆತ್ ಸ್ಪೆಲ್ಕಿ ಒಂದೂವರೆಯಿಂದ ಎರಡು ವರ್ಷದ ಮಕ್ಕಳ ಎದುರೇ ಆಯತಾಕಾರದ ಕೋಣೆಯ ಮೂಲೆಯಲ್ಲಿ ಆಟಿಕೆ ಬಚ್ಚಿಟ್ಟು, ಕಣ್ಣು ಮುಚ್ಚಿ ಗಿರಗಿರ ತಿರುಗಿಸಿ ಬಿಟ್ಟರು. ಮಕ್ಕಳು ಸರಿಯಾದ ಮೂಲೆಯಲ್ಲಿ ಇಲ್ಲವೇ ಅದರಂತೆಯೇ ಕಾಣುವ ಎದುರು ಮೂಲೆಯಲ್ಲಿ ಹುಡುಕಿದರು. ಅಂದರೆ ಉದ್ದ ಗೋಡೆ ಯಾವ ಕಡೆ, ಗಿಡ್ಡ ಗೋಡೆ ಯಾವ ಕಡೆ ಎಂಬ ಲೆಕ್ಕ ಅವರಿಗೆ ಗೊತ್ತು! ಒಂದು ಗೋಡೆಗೆ ನೀಲಿ ಬಣ್ಣವಿದ್ದರೂ ಅದರ ನೆರವು ಪಡೆಯಲಿಲ್ಲ. 1994ರಲ್ಲಿ ಪ್ರಕಟವಾದ ಈ ಫಲಿತಾಂಶದ ಬಳಿಕ ದೊಡ್ಡ ಕೋಣೆಯಲ್ಲಿ ನಡೆದ ಪ್ರಯೋಗಗಳಲ್ಲಿ ಬಣ್ಣದ ಗುರುತನ್ನೂ ಮಕ್ಕಳು ಬಳಸಿಕೊಂಡರು. ನಮ್ಮ ಮಾಟುಂಗಾದ ಕಂದ ಹೂವಿನಂಗಡಿಯನ್ನು ಗುರುತು ಹಿಡಿಯುವುದರಲ್ಲಿ ಆಶ್ಚರ್ಯವಿಲ್ಲ.

ತಾನೇ ಚಲಿಸುವ ಮಗುವಿಗೆ ಈ ಅರಿವು ಬೇಗ ಬೆಳೆಯುತ್ತದೆ. ಅಂಬೆಗಾಲಿಡುವ ಶಿಶು ಅದೇ ವಯಸ್ಸಿನ, ಇನ್ನೂ ಅಂಬೆಗಾಲಿಡದ ಶಿಶುವಿಗಿಂತ ಅಡಗಿಸಿಟ್ಟ ವಸ್ತುವನ್ನು ಚೆನ್ನಾಗಿ ಹುಡುಕುತ್ತದೆ. ರಿಕ್ಷಾದಲ್ಲಿ ಕೂತೊಡನೆ ಮಗುವಿನ ಕೈಗೆ ಮೊಬೈಲ್ ಕೊಡುವ ತಂದೆತಾಯಂದಿರು ಇದನ್ನು ಗಮನಿಸಬೇಕು. ಊರಿಂದ ಬಂದ ಅಜ್ಜ ಮೊಮ್ಮಗುವನ್ನು ನಿತ್ಯ ಸಂಜೆ ನಡೆಸಿಕೊಂಡು ಹೋಗುವುದು ಬರೀ ಕಾಲಹರಣವಲ್ಲ.

ಬಾಡಿಗೆ ಕರಾರು ಮುಗಿದು ಚಾಳಿನಿಂದ ಚಾಳಿಗೆ, ಡೊಂಬಿವಲಿಯಿಂದ ಬದ್ಲಾಪುರಕ್ಕೆ ಬಿಡಾರ ಬದಲಿಸುವುದು ನಮಗೆ ಮಾಮೂಲು. ಮಗು ಮಾತ್ರ ಹೊಸ ಮನೆಯಲ್ಲಿ ರಾತ್ರಿ ಎದ್ದು ಇಲ್ಲದ ಬಾಗಿಲತ್ತ ನಡೆದೀತು. ಮೊದಲ ಕೆಲವು ದಿನ ಮಂಚ, ತೊಟ್ಟಿಲುಗಳನ್ನು ಹಿಂದಿನ ಮನೆಯಂತೆಯೇ ಜೋಡಿಸಿ, ಹೊಸ ಓಣಿಯಲ್ಲಿ ಕೈ ಹಿಡಿದು ನಡೆಸಿದರೆ ಒಳ್ಳೆಯದು.

ಇನ್ನೊಂದು ಮಾತು ಗಂಭೀರವಾದದ್ದು. ದಾರಿ ಬಲ್ಲೆನೆಂಬ ಧೈರ್ಯದಲ್ಲಿ ಎರಡು ವರ್ಷದ ಮಗು ಸಭಾಗೃಹದ ಗದ್ದಲದ ನಡುವೆ ಹೊರಗೆ ನಡೆದುಬಿಡಬಹುದು. ಅದಕ್ಕೆ ತಿರುವು ಗೊತ್ತು, ವಿಳಾಸ ಗೊತ್ತಿಲ್ಲ, ರೈಲು, ಬಸ್ಸಿನ ಅಪಾಯವೂ ಗೊತ್ತಿಲ್ಲ. ಮೇಲಾಗಿ ಮನೆಮಾತು ಬೇರೆ. ತುಳು ಮಗು "ಅಪ್ಪೆ" ಎಂದು ಅತ್ತರೆ ಅದು ಕೇಳುತ್ತಿರುವುದು ತಾಯಿಯನ್ನು. ತುಳು ಅರಿಯದ ದಾರಿಹೋಕರು ಅಪ್ಪನನ್ನೇ ಹುಡುಕಿಯಾರು! ಆದ್ದರಿಂದ ಸಂಘದ ಕಾರ್ಯಕ್ರಮಗಳಿಗೆ ಬರುವಾಗ ಮಗುವಿನ ಜೇಬಿನಲ್ಲಿ ಹೆತ್ತವರ ಮೊಬೈಲ್ ಸಂಖ್ಯೆ ಬರೆದ ಚೀಟಿ ಇರಲಿ. ಒಂಟಿ ಮಗು ಕಂಡರೆ ಕರೆಯಬೇಕಾದ ಸಂಖ್ಯೆ 1098. ಈ ಮಕ್ಕಳ ಸಹಾಯವಾಣಿ 1996ರಲ್ಲಿ ಆರಂಭವಾದದ್ದು ಈ ಮುಂಬಯಿಯಲ್ಲೇ, ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಯೋಜನೆಯಾಗಿ. ಈಗ ಅದು ದೇಶದ ಎಲ್ಲೆಡೆ ಹಗಲು-ರಾತ್ರಿ ಉಚಿತವಾಗಿ ಲಭ್ಯ.