ಗಾಲ್ಫ್ ಕೋಲು ಮಾಡಿದ ನೌಕರ

ನಮ್ಮ ವಾಚನಾಲಯಕ್ಕೆ ಸಂಜೆಯ ಹೊತ್ತು ಬಂದು ಕೂಡುವ ಬಂಧುಗಳಲ್ಲಿ ಅನೇಕರು, “ನೌಕರಿಯೊಂದನ್ನೇ ನಂಬಿ ಎಷ್ಟು ದಿನ ಇರುವುದು?” ಎಂದು ಕೇಳುವುದುಂಟು. ಪ್ರಶ್ನೆ ಹುಡುಗಾಟದ್ದಲ್ಲ. 1982ರ ಜನವರಿಯಲ್ಲಿ ಮೊದಲಾದ ಮುಷ್ಕರದ ನಂತರ ಈ ಊರಿನ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಸಾವಿರಾರು ಸಂಸಾರಗಳು ಬೀದಿಗೆ ಬಂದವು. ಕೈಗೆ ಬಂದ ಅಷ್ಟಿಷ್ಟು ಹಣವನ್ನು ಗೊತ್ತುಗುರಿಯಿಲ್ಲದ ವ್ಯಾಪಾರಕ್ಕೆ ಸುರಿದು ಅದನ್ನೂ ಕಳೆದುಕೊಂಡವರು ಕಡಿಮೆಯಲ್ಲ. ನಮ್ಮವರಿಗೆ ಸ್ವಂತ ಉದ್ಯೋಗವೆಂದರೆ ಥಟ್ಟನೆ ನೆನಪಾಗುವುದು ಹೋಟೆಲು. ಮಾಟುಂಗದಲ್ಲಿ ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ಬಲ್ಲದ ಕನ್ನಡಿಗನು ಮುಂಬಯಿಯಲ್ಲಿ ಅಪರೂಪ. ಹಾಗೆಂದು ಎಲ್ಲರೂ ಹೋಟೆಲೇ ಇಡಬೇಕೆಂದಿಲ್ಲವಷ್ಟೆ. ಈ ಸಲ ನಾವು ನಮಗೆ ತೀರ ದೂರದ್ದೆಂದು ತೋರುವ ಒಂದು ಉದ್ದಿಮೆಯ ವಿಚಾರ ಬರೆಯುತ್ತೇವೆ. ಅದು ಗಾಲ್ಫ್ ಆಟದ ಸಾಮಾನಿನ ಉದ್ದಿಮೆ.

“ಅದು ಸಾಹೇಬರ ಆಟವಲ್ಲವೇ?” ಎಂದು ಯಾರಾದರೂ ನಕ್ಕರೆ ತಪ್ಪಿಲ್ಲ. ಕಲ್ಕತ್ತೆಯ ಗಾಲ್ಫ್ ಕ್ಲಬ್ಬು 1829ರದು, ಬೆಂಗಳೂರಿನದು 1876ರದು, ನಮ್ಮ ಚೆಂಬೂರಿನ ಬಾಂಬೆ ಪ್ರೆಸಿಡೆನ್ಸಿ ಗಾಲ್ಫ್ ಕ್ಲಬ್ಬು 1927ರದು. ಆಡುವವರು ಉಳ್ಳವರು; ಅವರ ಚೀಲ ಹೊರುವ ಕ್ಯಾಡಿಗಳು ಬಡವರು. ಆದರೆ ಅದೇ ಚೆಂಬೂರಿನ ಗಲ್ಲಿಗಳಲ್ಲಿ ಕ್ಯಾಡಿ ಹುಡುಗರು ಕಬ್ಬಿಣದ ಸಲಾಕಿಯ ತುದಿಯನ್ನು ಬಗ್ಗಿಸಿಕೊಂಡು, ಪ್ಲಾಸ್ಟಿಕ್ ಚೆಂಡಿನಿಂದ ತಮ್ಮದೇ ಗಾಲ್ಫ್ ಆಡಿದ್ದು ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು. ಕೈಯಲ್ಲಿ ಕಾಸಿಲ್ಲದಿದ್ದರೂ ಬೇಕಾದ ಸಾಮಾನನ್ನು ಮಾಡಿಕೊಳ್ಳುವ ಬುದ್ಧಿ ಅವರಿಗಿತ್ತು. ನಮ್ಮ ಕಥೆಯ ನಾಯಕರೂ ಅದೇ ಜಾತಿಯವರು.

ಆಟವನ್ನು ಎರಡು ಮಾತಿನಲ್ಲಿ ಹೇಳುವುದಾದರೆ, 45.93 ಗ್ರಾಮಿಗೆ ಮೀರದ ಸಣ್ಣ ಚೆಂಡೊಂದನ್ನು ಕೋಲಿನಿಂದ ಹೊಡೆಯುತ್ತ ಹೋಗಿ ನೆಲದ ಕುಳಿಗೆ ಬೀಳಿಸಬೇಕು. ಕುಳಿಯ ಅಗಲ 108 ಮಿಲಿಮೀಟರು. ಒಬ್ಬನು ಹದಿನಾಲ್ಕು ಕೋಲುಗಳ ತನಕ ಒಯ್ಯಬಹುದು. ಕುಳಿಯ ಹತ್ತಿರ ಬಂದ ಮೇಲೆ ಚೆಂಡನ್ನು ಮೆಲ್ಲಗೆ ಉರುಳಿಸುವ ಕೋಲಿಗೆ ಪಟ್ಟರ್ ಎನ್ನುತ್ತಾರೆ. ದೂರದ ಹೊಡೆತವನ್ನು ಚೆನ್ನಾಗಿ ಹೊಡೆದವನು ಕೂಡ ಇಲ್ಲಿ, ಮೂರು ಮಾರು ದೂರದಲ್ಲಿ, ಎಡವುತ್ತಾನೆ.

ಹೀಗೆ ಎಡವಿದವರಲ್ಲಿ ಕಾರ್ಸ್ಟನ್ ಸೋಲ್‌ಹೈಮ್ ಎಂಬವರೊಬ್ಬರು. ಹುಟ್ಟಿದ್ದು 1911ರಲ್ಲಿ, ನಾರ್ವೆ ದೇಶದ ಬರ್ಗನ್ನಿನಲ್ಲಿ. ತಂದೆ ಬೂಟು ಹೊಲಿಯುವವರು; ಹೊಟ್ಟೆಪಾಡಿಗಾಗಿ ಸಂಸಾರ ಅಮೆರಿಕದ ಸಿಯಾಟಲ್ಲಿಗೆ ವಲಸೆ ಬಂದಿತು. ಮಗ ಕಾಲೇಜು ಸೇರಿದರೂ ದುಡ್ಡಿಲ್ಲದೆ ಬಿಡಬೇಕಾಯಿತು, ಬೂಟು ದುರಸ್ತಿಯನ್ನೇ ಕೆಲಕಾಲ ನೆಚ್ಚಬೇಕಾಯಿತು. ಮುಂದೆ ಇಂಜಿನಿಯರಿಕೆ ಕಲಿತು ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಸಂಬಳಕ್ಕೆ ನಿಂತರು. ಗಾಲ್ಫ್ ಕೋಲು ಮುಟ್ಟಿದ್ದು ನಲವತ್ತು ದಾಟಿದ ಮೇಲೆ, ಜೊತೆಯ ನೌಕರರು ಕರೆದರೆಂದು. ಪಟ್ಟರ್ ಮಾತ್ರ ಅವರ ಮಾತು ಕೇಳಲಿಲ್ಲ. ಬೇರೆಯವರಾದರೆ ಹಣೆಬರಹವನ್ನು ಹಳಿಯುತ್ತಿದ್ದರು. ಇವರು ಕೋಲನ್ನೇ ತಿರುಗಿಸಿ ನೋಡಿದರು.

ಕೋಲಿನ ತಲೆಯ ನಟ್ಟನಡುವೆ ಚೆಂಡು ತಾಗಿದರೆ ನೆಟ್ಟಗೆ ಹೋಗುತ್ತದೆ. ಸ್ವಲ್ಪ ಆಚೀಚೆ ತಾಗಿದರೆ ತಲೆ ತಿರುಚಿಕೊಂಡು ಚೆಂಡು ದಾರಿ ತಪ್ಪುತ್ತದೆ. ತೂಕವೆಲ್ಲ ನಡುವಿನಲ್ಲಿರುವುದೇ ಇದಕ್ಕೆ ಕಾರಣವೆಂದು ಸೋಲ್‌ಹೈಮರಿಗೆ ಹೊಳೆಯಿತು. ದೊಂಬರಾಟದವನನ್ನು ನೆನೆಸಿಕೊಳ್ಳಿ. ಹಗ್ಗದ ಮೇಲೆ ನಡೆಯುವಾಗ ಅವನು ಹಿಡಿಯುವುದು ಉದ್ದನೆಯ ಗಳುವನ್ನು, ಗುಂಡು ಕಲ್ಲನ್ನಲ್ಲ. ತೂಕ ಎರಡು ಕೊನೆಗಳಿಗೆ ಹಂಚಿಹೋದ ವಸ್ತು ಸುಲಭವಾಗಿ ಹೊರಳುವುದಿಲ್ಲ. ಅಂತೆಯೇ ಕೋಲಿನ ತಲೆಯ ಭಾರವನ್ನು ಎರಡೂ ತುದಿಗಳಿಗೆ ಸರಿಸಿಬಿಟ್ಟರೆ, ಹೊಡೆತ ತುಸು ತಪ್ಪಿದರೂ ತಲೆ ತಿರುಚದೆ ನಿಲ್ಲುತ್ತದೆ. ಮೊದಲ ಮಾದರಿಯನ್ನು ಅವರು ಸಕ್ಕರೆಯ ಅಚ್ಚುಗಳಿಗೆ ಐಸ್‌ಕ್ಯಾಂಡಿಯ ಕಡ್ಡಿ ಅಂಟಿಸಿ ಮಾಡಿದರಂತೆ. ಬಂಡವಾಳ ಎಷ್ಟಾಗಿರಬಹುದೆಂದು ಓದುಗರೇ ಊಹಿಸಲಿ.

1959ರಲ್ಲಿ, ಕ್ಯಾಲಿಫೋರ್ನಿಯಾದ ರೆಡ್‌ವುಡ್ ಸಿಟಿಯ ತಮ್ಮ ಮನೆಯ ಗ್ಯಾರೇಜಿನಲ್ಲಿ, ಅವರು ಮೊದಲನೆಯ ಪಟ್ಟರನ್ನು ತಯಾರಿಸಿದರು. ಚೆಂಡಿಗೆ ತಾಗಿದಾಗ “ಪಿಂಗ್” ಎಂದು ಸದ್ದಾಯಿತು; ಅದೇ ಹೆಸರಾಯಿತು. ಹೆಂಡತಿ ಲೂಯಿಸ್ ಲೆಕ್ಕಪತ್ರ ನೋಡಿದರು, ಮಕ್ಕಳು ಕೈಗೂಡಿಸಿದರು. 1966ರಲ್ಲಿ ಇನ್ನೂ ಉತ್ತಮವಾದ ಒಂದು ಆಕಾರ ತಲೆಗೆ ಬಂದಾಗ, ಕೈಗೆ ಸಿಕ್ಕಿದ ಗ್ರಾಮಫೋನ್ ತಟ್ಟೆಯ ಹೊದಿಕೆಯ ಮೇಲೆಯೇ ಅದನ್ನು ಗೀಚಿದರು. ಅದಕ್ಕೆ “ಉತ್ತರ” ಎಂಬರ್ಥದ ಆನ್ಸರ್ ಎಂಬ ಹೆಸರು ಸೂಚಿಸಿದವರು ಲೂಯಿಸ್. ಕೋಲಿನ ಮೇಲೆ ಅಷ್ಟು ಅಕ್ಷರ ಹಿಡಿಯದೆಂದಾಗ ಇಂಗ್ಲಿಷಿನ ಒಂದಕ್ಷರ ಬಿಟ್ಟುಬಿಡಿ ಎಂದವರೂ ಅವರೇ. ಮರುವರ್ಷ ಜೂಲಿಯಸ್ ಬೊರೊಸ್ ಎಂಬ ಹೆಸರಾಂತ ಆಟಗಾರ ಅದನ್ನು ಹಿಡಿದು ಫೀನಿಕ್ಸ್ ಓಪನ್ ಪಂದ್ಯವನ್ನು ಗೆದ್ದರು.

ನಮ್ಮ ಓದುಗರು ಮುಖ್ಯವಾಗಿ ಗಮನಿಸಬೇಕಾದ್ದು ಇಲ್ಲಿದೆ. ಸೋಲ್‌ಹೈಮರು ನೌಕರಿ ಬಿಟ್ಟದ್ದು 1967ರಲ್ಲಿ, ಐವತ್ತೈದು ವಯಸ್ಸಾದ ಮೇಲೆ. ಅದುವರೆಗೆ ಎಂಟು ವರ್ಷ ಹಗಲು ಕಂಪನಿಯ ಕೆಲಸ, ಬಿಡುವಿನಲ್ಲಿ ಕೋಲಿನ ಕೆಲಸ. ಸಂಬಳ ಮನೆ ನಡೆಸಿತು. ಆದ್ದರಿಂದ ಕೋಲು ಮಾರಿ ಅಂದಿನ ಅಕ್ಕಿ ತರುವ ಅವಸರ ಬೀಳಲಿಲ್ಲ, ಸರಿಬಾರದ್ದನ್ನು ಬಿಸಾಡುವ ಧೈರ್ಯ ಉಳಿಯಿತು. “ಮೊದಲು ರಾಜೀನಾಮೆ, ಆಮೇಲೆ ಯೋಚನೆ” ಎನ್ನುವ ನಮ್ಮ ಕೆಲವು ತರುಣರಿಗೆ ಇದು ರುಚಿಸಲಿಕ್ಕಿಲ್ಲ. ನಮಗಂತೂ ಸರಿಯೆಂದೇ ತೋರುತ್ತದೆ.

ಇನ್ನೊಂದು ಸಂಗತಿ. ಅವರು “ಏನು ಮಾರಿದರೆ ಲಾಭ?” ಎಂದು ಹೊರಟವರಲ್ಲ. ಸಾಧಾರಣ ಆಟಗಾರನ ಕೈ ತಪ್ಪುತ್ತದೆ, ಆ ತಪ್ಪನ್ನು ಕೋಲು ಸಹಿಸಬೇಕು, ಇಷ್ಟೇ ಉದ್ದೇಶ. ಮುಂದೆ ಪ್ರತಿಯೊಬ್ಬನ ಎತ್ತರ, ಕೈಯ ಅಳತೆ ನೋಡಿ, ದರ್ಜಿ ಅಂಗಿ ಹೊಲಿದಂತೆ ಕೋಲನ್ನು ಹೊಂದಿಸಿಕೊಡುವ ಪದ್ಧತಿಯೂ ಅದೇ ಉದ್ದೇಶದಿಂದ ಬೆಳೆಯಿತು. ನಮ್ಮ ವಿಲೆ ಪಾರ್ಲೆಯಲ್ಲೇ 1929ರಲ್ಲಿ ಚೌಹಾನರ ಮನೆತನ ಸ್ವದೇಶಿ ಮಿಠಾಯಿಯ ಸಣ್ಣ ಕಾರಖಾನೆ ತೆರೆದು, ಸುಮಾರು ಹತ್ತು ವರ್ಷದ ಮೇಲೆ ಬಿಸ್ಕತ್ತಿಗೆ ಕೈಹಾಕಿತು. ಊರಿನ ಹೆಸರೇ ಸಾಮಾನಿನ ಹೆಸರಾಯಿತು. ಇಲ್ಲಿನ ತಯಾರಿಕೆ 2016ರಲ್ಲಿ ನಿಂತರೂ ಹೆಸರು ನಿಂತಿಲ್ಲ.

ತೊಡಕುಗಳೂ ಉಂಟು. ಆಟದ ಸಾಮಾನನ್ನು ಮನಸ್ಸಿಗೆ ಬಂದಂತೆ ಮಾಡಲಾಗದು; ಗಾಲ್ಫಿನ ನಿಯಮಗಳನ್ನು ಅಮೆರಿಕ ಮತ್ತು ಸ್ಕಾಟ್ಲೆಂಡಿನ ಎರಡು ಸಂಸ್ಥೆಗಳು ನಿರ್ಣಯಿಸುತ್ತವೆ. ಕೋಲಿನ ಮುಖದ ಮೇಲಿನ ಗೀರುಗಳ ಆಕಾರಕ್ಕಾಗಿಯೇ ಪಿಂಗ್ ಕಂಪನಿ ವರ್ಷಗಟ್ಟಲೆ ವ್ಯಾಜ್ಯ ನಡೆಸಬೇಕಾಯಿತು. ಅಮೆರಿಕದ ಗಾಲ್ಫ್ ಸಂಘದೊಡನೆ ರಾಜಿಯಾದದ್ದು 1990ರಲ್ಲಿ, ವೃತ್ತಿ ಆಟಗಾರರ ಸಂಘದೊಡನೆ 1993ರಲ್ಲಿ. ಅಷ್ಟು ಹೊತ್ತಿಗೆ ಅದು ದೊಡ್ಡ ಕಂಪನಿ, ತಾಳಿಕೊಂಡಿತು, ಸಣ್ಣವನಾಗಿದ್ದರೆ ಮುಳುಗುತ್ತಿದ್ದ.

ಹಾಗಾದರೆ ಇಲ್ಲಿ, ಒಂದು ಖೋಲಿಯ ಮನೆಯಲ್ಲಿ, ನಮ್ಮಂಥವರಿಗೆ ಏನು ಸಾಧ್ಯ? ಹೊಸ ಕೋಲು ಎರಕ ಹೊಯ್ಯುವುದು ಆಗದ ಮಾತು. ಆಟದ ಸಾಮಾನಿನ ಕಸಬು ಜಲಂಧರ್ ಮತ್ತು ಮೀರತ್ತಿನಲ್ಲಿ ಬೇರೂರಿದೆ. 1947ರ ವಿಭಜನೆಯಲ್ಲಿ ಸಿಯಾಲ್‌ಕೋಟೆಯನ್ನು ಬಿಟ್ಟುಬಂದ ಕುಶಲಿಗಳು ಅದನ್ನು ಅಲ್ಲಿ ನೆಲೆಗೊಳಿಸಿದರು. ಅವರೊಡನೆ ಪೈಪೋಟಿ ಬೇಡ. ಆದರೆ ದುರಸ್ತಿ ಸಾಧ್ಯ. ಕೋಲಿನ ರಬ್ಬರ್ ಹಿಡಿ ಬೆವರಿಗೆ, ಬಿಸಿಲಿಗೆ ಗಟ್ಟಿಯಾಗಿ ಜಾರತೊಡಗುತ್ತದೆ, ಆಗಾಗ ಬದಲಿಸಬೇಕು. ಹಳೆಯದನ್ನು ಕೊಕ್ಕೆ ಅಲಗಿನಿಂದ ಸೀಳಿ ತೆಗೆದು, ಎರಡೂ ಬದಿ ಅಂಟುವ ಪಟ್ಟಿ ಸುತ್ತಿ, ದ್ರಾವಕದಿಂದ ತೋಯಿಸಿ, ಹೊಸ ಹಿಡಿಯನ್ನು ಒಂದೇ ಉಸಿರಿಗೆ ತಳ್ಳಿ ನೆಟ್ಟಗೆ ಕೂಡಿಸಬೇಕು. ಬೇಕಾದ ಸಲಕರಣೆ ಒಂದು ವೈಸು, ಒಂದು ಚಾಕು. ದ್ರಾವಕ ಬೇಗ ಹೊತ್ತಿಕೊಳ್ಳುವಂಥದ್ದಾದರೆ ಒಲೆಯಿರುವ ಖೋಲಿಯಲ್ಲಿ ಈ ಕೆಲಸ ಸಲ್ಲದು. ಹಿಡಿ ಒಣಗುವ ತನಕ ಕೋಲನ್ನು ಯಾರೂ ಬೀಸಿ ನೋಡದಂತೆ ಎತ್ತಿಡಬೇಕು. ಪ್ರತಿಯೊಂದಕ್ಕೂ ಒಡೆಯರ ಹೆಸರಿನ ಚೀಟಿ ಕಟ್ಟಬೇಕು. ಒಬ್ಬರ ಹದಿನಾಲ್ಕು ಕೋಲು ಇನ್ನೊಬ್ಬರ ಹದಿನಾಲ್ಕರೊಡನೆ ಬೆರೆತರೆ ಬೇರ್ಪಡಿಸುವುದು ಕಷ್ಟ.