ಸಿಗಡಿಯ ಕಾವಲು ಬಲ್ಲವರು

ಮಲ್ಪೆ ಬಂದರಿನಲ್ಲಿ ಐಸ್ ಸಾಲದೆ ಹೋದರೆ ಸಿಗಡಿಯ ತಲೆ ನೋಡನೋಡುತ್ತ ಕಪ್ಪಗಾಗುತ್ತದೆ, ಏಲಂನಲ್ಲಿ ಬೆಲೆ ಇಳಿಯುತ್ತದೆ. ಆ ಕಪ್ಪು ಬರುವುದು ಫೀನಾಲ್ ಆಕ್ಸಿಡೇಸ್ ಎಂಬ ಕಿಣ್ವದಿಂದ. ಜೀವವಿದ್ದಾಗ ಸಿಗಡಿಯ ಗಾಯ ಮುಚ್ಚುವುದೂ ಒಳನುಗ್ಗಿದ ರೋಗಾಣುವನ್ನು ಮೆಲನಿನ್‌ನಲ್ಲಿ ಹೂತುಹಾಕುವುದೂ ಅದೇ.

ಸಿಗಡಿಗೆ ನಮ್ಮಂತೆ ಪ್ರತಿಕಾಯಗಳಿಲ್ಲ. ಹುಟ್ಟಿನಿಂದ ಬಂದ ಸಹಜ ರೋಗನಿರೋಧಕ ಶಕ್ತಿಯೇ ಅದರ ಆಸರೆ. 1882ರಲ್ಲಿ ಇಟಲಿಯ ಮೆಸ್ಸೀನಾದಲ್ಲಿ ವಿಜ್ಞಾನಿ ಮೆಚ್ನಿಕಾಫ್ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ, ಸುತ್ತ ಮುತ್ತಿದ ಜೀವಕಣಗಳನ್ನು ಕಂಡ. ಸಿಗಡಿಯ ರಕ್ತದಲ್ಲೂ ಇಂಥ ಕಾವಲು ಕಣಗಳಿವೆ. ನಮ್ಮ ಮೈಯಲ್ಲಿ ಕೆಂಪಾಗಿ ಬಾತು ನೋಯುವ ಉರಿಯೂತದ ಹಿಂದೆಯೂ ಇಂಥ ಕಣಗಳಿವೆ.

ಈ ಕಾವಲನ್ನು ಅಳೆಯಲು ಕೈ ಪಳಗಿರಬೇಕು. ಸಿರಿಂಜಿಗೆ ಮೊದಲೇ ಹೆಪ್ಪುತಡೆ ದ್ರಾವಣ ಎಳೆದುಕೊಂಡು, ಸಿಗಡಿಯ ಹೊಟ್ಟೆಯಡಿ ಸಣ್ಣ ಸೂಜಿ ತೂರಿಸಿ ರಕ್ತದ್ರವ ತೆಗೆಯುತ್ತಾರೆ. ಕ್ಷಣ ತಡವಾದರೂ ಅದು ಹೆಪ್ಪುಗಟ್ಟಿ ಕಣಗಳು ಒಡೆದುಹೋಗುತ್ತವೆ. ಕಣಗಳ ಸಾರಕ್ಕೆ ಎಲ್-ಡೋಪಾ ಎಂಬ ರಾಸಾಯನಿಕ ಬೆರೆಸಿದಾಗ, ಅದರಲ್ಲಿನ ಫೀನಾಲ್ ಆಕ್ಸಿಡೇಸ್‌ನಿಂದ ದ್ರಾವಣ ಕಿತ್ತಳೆಗೆಂಪಿಗೆ ತಿರುಗುತ್ತದೆ. ಬಣ್ಣ ಎಷ್ಟು ಗಾಢವೋ ಕಿಣ್ವ ಅಷ್ಟು ಚುರುಕು. ಹದ ಮೀರಿದರೆ ಅದು ಸಿಗಡಿಯ ಮೈಯನ್ನೇ ಸುಡುವುದರಿಂದ, ತಡೆಯುವ ಪ್ರೋಟೀನುಗಳೂ ಅಲ್ಲೇ ಇವೆ. ನನಗೆ ಬಹಳ ಹಿಡಿಸುವುದು ಈ ಲಗಾಮು.

ಪ್ರತಿಕಾಯವಿಲ್ಲದ ಜೀವಿಗೆ ನಮ್ಮ ಬಗೆಯ ಲಸಿಕೆ ಒಗ್ಗದು. ಕರಾವಳಿಯಲ್ಲಿ ಈ ಕಷ್ಟದೊಡನೆ ಸೆಣಸಿದವರು ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಸೂಕ್ಷ್ಮಜೀವಿ ವಿಜ್ಞಾನಿ ದಂಪತಿ ಇಡ್ಯಾ ಕರುಣಾಸಾಗರ್ ಮತ್ತು ಇಂದ್ರಾಣಿ ಕರುಣಾಸಾಗರ್. 1990ರ ದಶಕದಲ್ಲಿ ಬಿಳಿಚುಕ್ಕೆ ವೈರಸ್ ಹೊಕ್ಕ ಸಾಕಣೆ ಕೆರೆಗಳಲ್ಲಿ ಸಿಗಡಿ ಹತ್ತು ದಿನದೊಳಗೆ ಸತ್ತು ಬೀಳುತ್ತಿತ್ತು. ಸಾಕಿದ ಸಿಗಡಿಯಲ್ಲೂ ಕಡಲಿನ ಸಿಗಡಿ, ಏಡಿಗಳಲ್ಲೂ ವೈರಸ್ ಇದೆಯೇ ಎಂದು ಅವರ ತಂಡ ಪಿಸಿಆರ್ ಎಂಬ ಜೀನ್ ಪರೀಕ್ಷೆಯ ಮೂಲಕ ಹುಡುಕಿತು. ಮರಿ ಕೇಂದ್ರಗಳಲ್ಲಿ ಲಾರ್ವಾಗಳನ್ನು ಕೊಲ್ಲುವ, ಕತ್ತಲಲ್ಲಿ ಹೊಳೆಯುವ ವಿಬ್ರಿಯೊ ಹಾರ್ವೆಯಿ ಎಂಬ ಬ್ಯಾಕ್ಟೀರಿಯಾ ಆ್ಯಂಟಿಬಯಾಟಿಕ್‌ಗೆ ಬಗ್ಗುತ್ತಿಲ್ಲವೆಂದು 1994ರಲ್ಲೇ ವರದಿ ಮಾಡಿದ್ದ ಅವರು, 2006ರ ಹೊತ್ತಿಗೆ ಆ ಬ್ಯಾಕ್ಟೀರಿಯಾವನ್ನೇ ತಿನ್ನುವ ಫೇಜ್ ವೈರಸ್‌ಗಳನ್ನು ಹೆಕ್ಕಿ ತೆಗೆದಿದ್ದರು. ಅವನ್ನು ನೀರಿಗೆ ಬಿಟ್ಟಾಗ ಹೆಚ್ಚು ಲಾರ್ವಾಗಳು ಬದುಕುಳಿದವು. ಶತ್ರುಗಳ ಸಂಖ್ಯೆ ತಗ್ಗಿದ ನೀರಿನಲ್ಲಿ, ಎಳೆಯ ಸಿಗಡಿಯ ಪುಟ್ಟ ಕಾವಲಿಗೆ ಕೆಲಸವೂ ಹಗುರಾಗುತ್ತದೆ.