ಅರೆಕಾಲಿಕ ಕೋರ್ಸು: ಶುಲ್ಕ ಮರಳಿ ಪಡೆಯುವ ದಾರಿ

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ದುಡಿಮೆಯ ಜೊತೆಗೆ ಅರೆಕಾಲಿಕ ಕೋರ್ಸಿಗೆ ಸೇರಿದವರು, ಪಾಠ ಸರಿಯಾಗಿ ನಡೆಯದೆ ಶುಲ್ಕ ಮರಳಿ ಕೇಳುವಾಗ, ಆ ಸಂಸ್ಥೆ ಕಾನೂನಿನ ದೃಷ್ಟಿಯಲ್ಲಿ ಯಾವ ಬಗೆಯದೆಂಬುದನ್ನು ಮೊದಲು ಅರಿಯಬೇಕಾಗುತ್ತದೆ.

2020ರ ಜನವರಿಯ ತೀರ್ಪೊಂದರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವು ಶಿಕ್ಷಣ ಸಂಸ್ಥೆಗಳನ್ನು ಗ್ರಾಹಕ ಕಾನೂನಿನಿಂದ ಹೊರಗಿಟ್ಟು, ಕೋಚಿಂಗ್ ಕೇಂದ್ರಗಳನ್ನು ಮಾತ್ರ ಒಳಗೆ ಉಳಿಸಿತು. ಆದ್ದರಿಂದ ಕೋಚಿಂಗ್ ಕೇಂದ್ರದಲ್ಲಿ ಸೇವಾ ನ್ಯೂನತೆ, ಅಂದರೆ ಹಣ ಪಡೆದು ಒಪ್ಪಿದಂತೆ ಪಾಠ ಮಾಡದ ಕೊರತೆ ಕಂಡುಬಂದರೆ, ವಿದ್ಯಾರ್ಥಿಯು ಎರಡು ವರ್ಷಗಳೊಳಗೆ ಬೆಳಗಾವಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು. ಸಂಸ್ಥೆಯ ಕಚೇರಿ ಬೆಂಗಳೂರಿನಲ್ಲಿದ್ದರೂ ದೂರುದಾರರು ವಾಸಿಸುವ ಜಿಲ್ಲೆಯಲ್ಲಿಯೇ ದೂರು ನಡೆಯುತ್ತದೆ. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಆದರೆ ರಸೀದಿ, ವಿವರಣಾ ಪುಸ್ತಿಕೆ, ತರಗತಿ ರದ್ದಾದ ದಿನದ ಸಂದೇಶಗಳು ಕೈಯಲ್ಲಿರದಿದ್ದರೆ ದೂರು ನಿಲ್ಲುವುದು ಕಷ್ಟ.

ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳ ದಾರಿ ಬೇರೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2023ರ ನಿಯಮಾವಳಿಯಂತೆ ದೂರು ಮೊದಲು ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿಗೆ, ಅಲ್ಲಿ ತೃಪ್ತಿಯಾಗದಿದ್ದರೆ ವಿಶ್ವವಿದ್ಯಾಲಯದ ಒಂಬುಡ್ಸ್‌ಪರ್ಸನ್‌ಗೆ, ಅಂದರೆ ಮೇಲ್ಮನವಿ ಕೇಳುವ ಅಧಿಕಾರಿಗೆ ಹೋಗುತ್ತದೆ. ಯುಜಿಸಿಯ 2018ರ ಮರುಪಾವತಿ ನಿಯಮವಾದರೋ ಕ್ಯಾಲೆಂಡರನ್ನು ನೋಡುತ್ತದೆಯೇ ಹೊರತು ಕರಿಹಲಗೆಯನ್ನಲ್ಲ: ಪ್ರವೇಶದ ಕೊನೆಯ ದಿನ ಕಳೆದು 15 ದಿನಗಳೊಳಗೆ ಬಿಟ್ಟರೆ ಶೇಕಡಾ 80, 30 ದಿನಗಳೊಳಗೆ ಶೇಕಡಾ 50, ನಂತರ ಏನೂ ಇಲ್ಲ, ಬೋಧನೆಯ ಕೊರತೆ ಬಯಲಾಗುವುದು ಸಾಮಾನ್ಯವಾಗಿ ಆ ನಂತರವೇ.